ರಜೆಗೊಂದು ಯೋಜನೆ

ಕಡಲಾಚೆಯ ಅಗ್ನಿಪರ್ವತದ ದ್ವೀಪಗಳಿಗೂ ಯೋಜನೆ ಹಾಕಿ ರಜೆ ಕಳೆಯಲು ಹೋಗುವ ಕಾಲವಿದು. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೆ ಮಾತ್ರ ಜಾತ್ರೆಯ ದಿನ ಧಾವಿಸಿ, ನೂಕುನುಗ್ಗಲಿನಲ್ಲಿಯೇ ಕೈಮುಗಿದು ಹಿಂತಿರುಗುತ್ತೇವೆ. 2017ರಲ್ಲಿ ಕೊಟ್ಟೂರೇಶ್ವರನ ತೇರು ಉರುಳಿಬಿದ್ದುದನ್ನು ಭಕ್ತರು ಮರೆತಿರಲಾರರು. ವೃದ್ಧರೂ ಕೂಸುಗಳೂ ಜೊತೆಗಿದ್ದರೆ ಜಾತ್ರೆಯಲ್ಲದ ದಿನವೇ ಲೇಸೆಂದು ನಮ್ಮ ಅಭಿಪ್ರಾಯ.

ಬೇಸಿಗೆಯ ಬಿಸಿಲು ಈ ಸೀಮೆಯಲ್ಲಿ ಬಲು ಕಠಿಣವಾದುದರಿಂದ ಡಿಸೆಂಬರ್ ತಿಂಗಳನ್ನು ಆರಿಸಿಕೊಳ್ಳಿರಿ. ಮೊದಲ ದಿನ ಕೊಟ್ಟೂರಿನಲ್ಲಿ ಗುರುದರ್ಶನ, ಬಳಿಕ ಅದೇ ತಾಲ್ಲೂಕಿನ ಉಜ್ಜಯಿನಿ ಪೀಠ. ಮರುದಿನ ಹರಪನಹಳ್ಳಿಯ ಸಮೀಪದ ಬಾಗಳಿ. ಅಲ್ಲಿಯ ಕಲ್ಲೇಶ್ವರ ದೇವಾಲಯ ಚಾಲುಕ್ಯರ ಕಾಲದ್ದು, ಸಾವಿರ ವರ್ಷದ ಹಳಮೆಯುಳ್ಳದ್ದು. ಅದರ ಕಂಬಗಳನ್ನು ನೋಡಲೆಂದೇ ಒಂದು ಮುಂಜಾವನ್ನು ಮೀಸಲಿಡಬೇಕು. ಅವಸರದಲ್ಲಿ ನೋಡುವುದಾದರೆ ಹೋಗದಿರುವುದೇ ಮೇಲು. ಸಂಜೆಗೆ ಹಡಗಲಿ ತಾಲ್ಲೂಕಿನ ಕುರುವತ್ತಿ: ತುಂಗಭದ್ರೆಯ ದಡ, ಮಲ್ಲಿಕಾರ್ಜುನನ ಸನ್ನಿಧಿ, ಮದನಿಕೆಯರ ಶಿಲ್ಪ. ಹಡಗಲಿಯ ಮಲ್ಲಿಗೆಯನ್ನು ಕೊಳ್ಳದೆ ಬಂದರೆ ಮನೆಯ ಹೆಣ್ಣುಮಕ್ಕಳು ಒಪ್ಪಲಾರರು!

ಇನ್ನೊಂದು ದಿನವಿದ್ದರೆ ಮಕ್ಕಳನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಕರೆದೊಯ್ಯಿರಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಯಲ್ಲಿ ಚಳಿಗಾಲಕ್ಕೆ ದೂರದೇಶದ ಹಕ್ಕಿಗಳು ಬಂದಿಳಿದಿರುತ್ತವೆ. ಕೂಡ್ಲಿಗಿಯ ಕಡೆ ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ ಕರಡಿಧಾಮವಿದೆ. ಅತ್ತ ಹೊರಡುವವರು ಹೊತ್ತು ಮುಳುಗುವ ಮುನ್ನ ಊರು ಸೇರಿರಿ.