‘ಶಾರ್ಟ್ ಸರ್ಕ್ಯೂಟ್’ ಅಂತ ಬರೆದು ಕೈತೊಳೆದುಕೊಂಡರೆ ಸಾಕೇ?

ದಾವಣಗೆರೆ, ಹರಿಹರದಲ್ಲಿ ಮನೆಗೆ ಬೆಂಕಿ ಬಿದ್ದರೆ ನಾವು ವರದಿಗಾರರು ಬರೆಯುವುದು ಒಂದೇ ಸಾಲು: ‘ಶಾರ್ಟ್ ಸರ್ಕ್ಯೂಟ್ ಕಾರಣ’. ಯಾವ ವೈರ್ ಇತ್ತು ಅಂತ ಕೇಳುವುದೇ ಇಲ್ಲ. ತಪ್ಪು ನಮ್ಮದೂ ಹೌದು.

ತಾಮ್ರ ದುಬಾರಿ ಅಂತ ಹಿಂದೆ ಎಷ್ಟೋ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಎಳೆದರು. ಆಗ ಎರಡು ಬಲ್ಬು, ಒಂದು ಫ್ಯಾನ್. ಈಗ ಅದೇ ವೈರಿಗೆ ಗೀಸರ್, ಫ್ರಿಜ್, ಮಿಕ್ಸಿ. ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಸ್ಕ್ರೂ ಹತ್ತಿರ ಸಡಿಲವಾಗುತ್ತದೆ, ಸುಡುವುದು ಅಲ್ಲೇ. ಅದಕ್ಕೆ ಎಂಸಿಬಿಯೂ ಬೀಳುವುದಿಲ್ಲ, ಹೆಚ್ಚು ಕರೆಂಟ್ ಹರಿದಿರುವುದಿಲ್ಲವಲ್ಲ!

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಕೊಡುವ ಸರ್ಕಾರ, ಹಳೇ ಮನೆಗಳ ವೈರಿಂಗ್ ತಪಾಸಣೆಯನ್ನೂ ಬೆಸ್ಕಾಂನಿಂದ ಉಚಿತವಾಗಿ ಮಾಡಿಸಲಿ.

ಅಲ್ಲಿಯವರೆಗೆ ಬೋರ್ಡ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಯೂಮಿನಿಯಂಗೆ ತಾಮ್ರ ಸುತ್ತಿ ಟೇಪ್ ಹಚ್ಚಿದರೆ ಅದು ರಿಪೇರಿಯಲ್ಲ, ಬೆಂಕಿಗೆ ಇಟ್ಟ ಮುಹೂರ್ತ.