ಮತದ ಲೆಕ್ಕದಲ್ಲಿ ತಾಯಿಯ ಪ್ರಾಣ

ಚುನಾವಣೆ ಸಮೀಪಿಸಿದಾಗ ರಾಜಕಾರಣಿಗಳಿಗೆ ಧರ್ಮದ ನೆನಪಾಗುವುದು ನಮ್ಮ ದೇಶದಲ್ಲಿ ಮಾತ್ರವಲ್ಲ. ಹಾಗೆ ನೆನಪಾದ ಧರ್ಮವು ಕಾನೂನಿನ ರೂಪ ತಳೆದು ಹೆರಿಗೆ ವಾರ್ಡನ್ನು ಪ್ರವೇಶಿಸಿದರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡ್ ಸಾಕ್ಷಿಯಾಗಿದೆ. ಅಲ್ಲಿ ಪ್ರಾಣ ತೆತ್ತವರಲ್ಲಿ ನಮ್ಮ ನೆರೆಯ ಬೆಳಗಾವಿಯ ಮಗಳೂ ಇದ್ದಾರೆ. ಆದ್ದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮತದಾರರು ಅದನ್ನು ದೂರದೇಶದ ಸುದ್ದಿಯೆಂದು ಕಡೆಗಣಿಸುವಂತಿಲ್ಲ.

ಐರ್ಲೆಂಡ್‌ನಲ್ಲಿ 1861ರ ಕಾನೂನಿನನ್ವಯ ಗರ್ಭಪಾತವು ಮೊದಲೇ ಅಪರಾಧವಾಗಿತ್ತು. ಆದರೆ 1981 ಮತ್ತು 1982ರಲ್ಲಿ, ಹದಿನೆಂಟು ತಿಂಗಳೊಳಗೆ, ಅಲ್ಲಿ ಮೂರು ಸಾರ್ವತ್ರಿಕ ಚುನಾವಣೆಗಳು ನಡೆದವು. ನಿಷೇಧವನ್ನು ಸಂವಿಧಾನಕ್ಕೇ ಸೇರಿಸಬೇಕೆಂದು ಒತ್ತಡ ತಂದವರಿಗೆ ಎರಡೂ ಪ್ರಮುಖ ಪಕ್ಷಗಳ ನಾಯಕರಾದ ಚಾರ್ಲ್ಸ್ ಹಾಹಿ ಮತ್ತು ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಪೈಪೋಟಿಯ ಮೇಲೆ ಭರವಸೆ ನೀಡಿದರು. ಅಧಿಕಾರಕ್ಕೆ ಬಂದ ಫಿಟ್ಜ್‌ಜೆರಾಲ್ಡ್‌ರಿಗೆ, ತಿದ್ದುಪಡಿಯ ಮಾತುಗಳು ಅಸ್ಪಷ್ಟವಾಗಿವೆ ಎಂದು ಅವರ ಅಟಾರ್ನಿ ಜನರಲ್ ಎಚ್ಚರಿಸಿದರು. ಅವರು ಹಿಂಜರಿದರಾದರೂ ಕಾಲ ಮಿಂಚಿತ್ತು. 1983ರ ಸೆಪ್ಟೆಂಬರ್ 7ರ ಜನಮತಗಣನೆಯಲ್ಲಿ ಸುಮಾರು ಶೇ. 67ರಷ್ಟು ಜನರ ಒಪ್ಪಿಗೆಯೊಂದಿಗೆ, ತಾಯಿಯದೂ ಭ್ರೂಣದ್ದೂ ಸಮಾನ ಜೀವಿಸುವ ಹಕ್ಕೆಂಬ ಎಂಟನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿತು.

ತಾಯಿಯ ಪ್ರಾಣಕ್ಕೇ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಪಾಯ ಎಷ್ಟಿದ್ದರೆ ವೈದ್ಯರು ಮುಂದುವರಿಯಬಹುದು ಎಂಬುದನ್ನು ಶಾಸನಸಭೆ ಬರೆದಿಡಬೇಕಿತ್ತು. ಇಪ್ಪತ್ತು ವರ್ಷಗಳ ಕಾಲ ಯಾವ ಸರಕಾರವೂ ಆ ಗೋಜಿಗೆ ಹೋಗಲಿಲ್ಲ. ಮತ ಕಳೆದುಕೊಳ್ಳುವ ಭಯವೇ ಎಲ್ಲರ ಕೈ ಕಟ್ಟಿಹಾಕಿತ್ತು.

ಆ ಹೇಡಿತನದ ಬೆಲೆ ತೆತ್ತವರು 31 ವರ್ಷದ ದಂತವೈದ್ಯೆ ಸವಿತಾ ಹಾಲಪ್ಪನವರ. 2012ರ ಅಕ್ಟೋಬರ್‌ನಲ್ಲಿ ಹದಿನೇಳು ವಾರಗಳ ಗರ್ಭಿಣಿಯಾಗಿದ್ದ ಅವರು ಗಾಲ್ವೆಯ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯದೆಂಬುದು ಖಚಿತವಾಗಿತ್ತು. ಅದನ್ನು ತೆಗೆಯಿರೆಂದು ದಂಪತಿ ಬೇಡಿಕೊಂಡರೂ, ಭ್ರೂಣದ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ ಅದನ್ನು ನಿರಾಕರಿಸಲಾಯಿತು. ರಕ್ತಕ್ಕೆ ಸೋಂಕು ತಗಲಿ ಅಕ್ಟೋಬರ್ 28ರಂದು ಅವರು ಕೊನೆಯುಸಿರೆಳೆದರು. ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪಗಳ ಜೊತೆಗೆ ಕಾನೂನಿನ ಅರ್ಥೈಸುವಿಕೆಯೂ ಈ ಸಾವಿಗೆ ಕಾರಣವಾಯಿತೆಂದು 2013ರ ತನಿಖಾ ವರದಿ ಹೇಳಿತು.

ಆ ಬಳಿಕವಷ್ಟೇ ನಾಯಕರಿಗೆ ಧೈರ್ಯ ಬಂತು. 2013ರಲ್ಲಿ ಸೀಮಿತ ಕಾನೂನು ರಚನೆಯಾಯಿತು. 2018ರ ಮೇ 25ರಂದು ಶೇ. 66.4ರಷ್ಟು ಜನರು ಎಂಟನೇ ತಿದ್ದುಪಡಿಯನ್ನೇ ರದ್ದುಪಡಿಸಿದರು. ಅಮೆರಿಕದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಕಿತ್ತುಹಾಕಿತು. 2024ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್, ಅದು ರಾಜ್ಯಗಳಿಗೆ ಬಿಟ್ಟ ವಿಷಯವೆಂದು ಹೇಳಿ ನುಣುಚಿಕೊಂಡರು. ದೇಶ ಬದಲಾದರೂ ಲೆಕ್ಕಾಚಾರ ಬದಲಾಗಿಲ್ಲ.

ಭ್ರೂಣವೂ ಅಲ್ಲಾಹನ ಅಮಾನತ್ತು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಬಡತನದ ಭಯದಿಂದ ಸಂತಾನವನ್ನು ಕೊಲ್ಲುವುದನ್ನು ಕುರ್‌ಆನ್ ನಿಷೇಧಿಸಿದೆ. ಹೆಣ್ಣೆಂಬ ಕಾರಣಕ್ಕೆ ಭ್ರೂಣವನ್ನು ಹೊಸಕುವುದು ಘೋರ ಪಾಪ. ನಮ್ಮ ದೇಶದಲ್ಲಿ 1994ರಿಂದ ಲಿಂಗಪತ್ತೆಯ ವಿರುದ್ಧ ಕಾನೂನಿದ್ದರೂ 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಅದೇ ದಂಧೆ ಬಯಲಾಯಿತು. ಆದರೆ ತಾಯಿಯ ಪ್ರಾಣ ಉಳಿಸುವ ಚಿಕಿತ್ಸೆಯನ್ನು ಇದರೊಂದಿಗೆ ಬೆರೆಸುವುದು ಅಜ್ಞಾನ. ತಾಯಿಯ ಜೀವಕ್ಕೆ ಅಪಾಯವಿದ್ದಾಗ ಆಕೆಯನ್ನು ಉಳಿಸಲು ಫಿಕ್‌ಹ್ ವಿದ್ವಾಂಸರಲ್ಲಿ ಬಹುಪಾಲು ಮಂದಿ ಅನುಮತಿ ನೀಡಿದ್ದಾರೆ. ಇದನ್ನು ಅರಿಯದೆ 'ಹರಾಮ್' ಎಂಬ ಒಂದೇ ಮಾತಿನಿಂದ ಮನೆಯಲ್ಲೇ ಗಂಟೆಗಳನ್ನು ಕಳೆಯುವ ಕುಟುಂಬಗಳಿಗೆ ತಿಳಿಹೇಳುವುದು ಖತೀಬರ ಮತ್ತು ಅಂಜುಮನ್‌ಗಳ ಹೊಣೆ.

ನಮ್ಮಲ್ಲಿ 1971ರಿಂದಲೇ ವೈದ್ಯಕೀಯ ಗರ್ಭಪಾತ ಕಾನೂನಿದ್ದು, 2021ರಲ್ಲಿ ಅದು ಇನ್ನಷ್ಟು ವಿಸ್ತಾರಗೊಂಡಿದೆ. ತಾಯಿಯ ಪ್ರಾಣ ಉಳಿಸಲು ತಕ್ಷಣ ಅಗತ್ಯವಿದ್ದರೆ ವಾರಗಳ ಮಿತಿಯೂ ಅಡ್ಡಿಯಾಗದು. ಆದರೆ ಕಾಗದದ ಮೇಲಿನ ಹಕ್ಕು ಮಧ್ಯರಾತ್ರಿಯಲ್ಲಿ ರಕ್ತಸ್ರಾವವಾಗುತ್ತಿರುವ ಹೆಣ್ಣಿಗೆ ತಲುಪುವುದು ಹೇಗೆ? ಲಕ್ಷ್ಮೇಶ್ವರದಿಂದ ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್ ದೂರವಿದೆ. ಮುಂಡರಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ.

ಮತ ಕೇಳಲು ಮೊಹಲ್ಲಾಕ್ಕೆ ಬರುವ ಅಭ್ಯರ್ಥಿ ಟೋಪಿ ಧರಿಸಿ ಸಲಾಮ್ ಹೇಳಿದರೆ ಸಾಲದು. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಸ್ತ್ರೀರೋಗ ತಜ್ಞರು ಇರುವರೇ, ರಕ್ತ ಸಿಗುವುದೇ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುವುದು ಎಂದು ಅವರನ್ನು ಕೇಳಬೇಕು. ಯಾವ ಪಕ್ಷದವರಾದರೂ ಸರಿ, ಉತ್ತರವನ್ನು ಜಮಾಅತ್‌ನ ಮುಂದೆ ಬಹಿರಂಗವಾಗಿ ಪಡೆಯೋಣ. ಗೆದ್ದ ಮೇಲೆ ಅದನ್ನೇ ನೆನಪಿಸೋಣ. ನಮ್ಮ ಹೆಣ್ಣುಮಕ್ಕಳ ಪ್ರಾಣ ಯಾರದೋ ಮತದ ಲೆಕ್ಕಕ್ಕೆ ಬಲಿಯಾಗದಿರಲಿ.