ಆಸ್ಟ್ರಿಚ್‌ಗೆ ರೋಗ ಬರಲ್ಲ ಅನ್ನೋರಿಗೆ ಎರಡು ಪ್ರಶ್ನೆ

ಈ ತಿಂಗಳು ನಾಲ್ಕು ಜನ ನನಗೆ ಒಂದೇ ವಿಡಿಯೋ ಕಳಿಸಿದ್ದಾರೆ. ಆಸ್ಟ್ರಿಚ್ ಸಾಕಿ, ಮೊಟ್ಟೆ ಒಂದೂವರೆ ಕೆ.ಜಿ. ತೂಗುತ್ತೆ, ಹಕ್ಕಿ ನೂರು ಕೆ.ಜಿ. ದಾಟುತ್ತೆ, ಕೋಳಿ ಥರ ರೋಗ ಬರಲ್ಲ ಅಂತ. ಮೊದಲ ಎರಡು ಮಾತು ನಿಜ. ಮೂರನೇದು ಎಮು ಕಾಲದಲ್ಲೂ ಕೇಳಿದ ಮಾತೇ. ಎಮು 2012ರ ಹೊತ್ತಿಗೆ ಮಾರುಕಟ್ಟೆಯಿಲ್ಲದೆ ಮುಳುಗಿತು, ಹಾಗಾಗಿ ರೋಗದ ಲೆಕ್ಕ ಯಾರೂ ಹಾಕಲೇ ಇಲ್ಲ.

ದೊಡ್ಡ ಹಕ್ಕಿ ಗಟ್ಟಿಯೇ, ಒಪ್ಪೋಣ. ಕಷ್ಟ ಇರೋದು ಮರಿಗಳಲ್ಲಿ. ಮೊಟ್ಟೆ 42 ದಿನ ಮೆಷಿನ್‌ನಲ್ಲಿ ಕೂರಬೇಕು. ಮೊಟ್ಟೆಗೋ ಮೆಷಿನ್‌ಗೋ ಕೊಳೆ ಇದ್ದರೆ ಮರಿಯ ಹೊಟ್ಟೆಯೊಳಗೆ ಉಳಿದ ಹಳದಿ ಕೊಳೆತು, ಕೆಲವೇ ದಿನಕ್ಕೆ ಮರಿ ಮಂಕಾಗಿ ಸಾಯುತ್ತೆ. ಈ ಕಸುಬಿನಲ್ಲಿ ಹೆಚ್ಚು ನಷ್ಟ ಆಗೋದು ಮೊದಲ ಮೂರು ತಿಂಗಳಲ್ಲೇ.

ಆಸ್ಟ್ರಿಚ್ ಸಾಕಣೆಗೆ ಹೆಸರಾದ ಊರು ದಕ್ಷಿಣ ಆಫ್ರಿಕಾದ ಔಟ್ಸ್‌ಹಾರ್ನ್. ಅಲ್ಲಿಯವರನ್ನ ಬಹಳ ಕಾಡಿದ್ದು ವೈರ್‌ವರ್ಮ್ ಅನ್ನೋ ಕೂದಲಿನಂಥ ಜಂತುಹುಳ. ಜಠರದ ಗೋಡೆಗೆ ಹೊಕ್ಕು ರಕ್ತ ಹೀರುತ್ತೆ. ಮೇವು ಮುಂದಕ್ಕೆ ಹೋಗದೆ ಅಲ್ಲೇ ಕೊಳೆಯುತ್ತೆ, ಮರಿ ಸೊರಗುತ್ತೆ. ಹಿಕ್ಕೆಯಲ್ಲಿ ಮೊಟ್ಟೆ ಬಿದ್ದು, ಮರಿಹುಳ ಹುಲ್ಲಿಗೆ ಹತ್ತಿ, ಮತ್ತೆ ಮರಿಯ ಹೊಟ್ಟೆ ಸೇರುತ್ತೆ. ಒಣ ನೆಲದಲ್ಲೂ ವರ್ಷದ ಮೇಲೆ ಬದುಕಿರುತ್ತೆ, ಬೇಸಿಗೆ ಬಿಸಿಲಿಗೆ ಸತ್ತೀತು ಅಂತ ಕಾಯೋ ಹಾಗಿಲ್ಲ. ಕುರಿಗೆ ಹಾಕುವಂಥ ಔಷಧಿಗಳನ್ನೇ ಇದಕ್ಕೂ ಹಾಕ್ತಾರೆ. ಬೇರೆ ಊರಿಂದ ಮರಿ ತಂದರೆ ಹುಳವೂ ಗಾಡಿಯಲ್ಲೇ ಬರಬಹುದು.

ಕುರಿ ಸಾಕೋರು ಇನ್ನೊಂದು ವಿಷಯ ಕೇಳಿ. 1996ರಲ್ಲಿ ಅದೇ ಔಟ್ಸ್‌ಹಾರ್ನ್‌ನ ಆಸ್ಟ್ರಿಚ್ ಕಸಾಯಿಖಾನೆಯ ಕೆಲಸಗಾರರಿಗೆ ಕ್ರಿಮಿಯನ್-ಕಾಂಗೋ ಜ್ವರ ಬಂತು. ಹಕ್ಕಿಗಳಿಗೆ ಏನೂ ಆಗಿರಲಿಲ್ಲ, ಜ್ವರ ಬಂದಿದ್ದು ಮನುಷ್ಯರಿಗೆ. ಇದು ಉಣ್ಣೆಯಿಂದ ಹರಡೋ ರೋಗ. ಆಮೇಲೆ ಅಲ್ಲಿ ಕೊಯ್ಯೋ ಮೊದಲು ಉಣ್ಣೆ ತೆಗೆದು ಬೇರೆ ಇಡೋ ನಿಯಮ ಮಾಡಿದರು. ಈ ಜ್ವರ ನಮ್ಮ ದೇಶಕ್ಕೆ ಹೊಸದಲ್ಲ, 2011ರಲ್ಲಿ ಗುಜರಾತಿನಲ್ಲಿ ಜನ ಸತ್ತಿದ್ದಾರೆ. ಕುರಿರೊಪ್ಪದ ಪಕ್ಕದಲ್ಲೇ ಆಸ್ಟ್ರಿಚ್ ಬಿಡೋ ಯೋಚನೆ ಯಾರಿಗಾದರೂ ಇದ್ದರೆ ಅದನ್ನ ಬಿಟ್ಟುಬಿಡಿ.

ಇಷ್ಟಕ್ಕೂ ಔಷಧಿ, ಚೊಕ್ಕಟ, ಮೈಗಾವಲು ಅಂತ ದಾರಿ ಇದೆ. ಕೊಕ್ಕರೆ ರೋಗ ಆಸ್ಟ್ರಿಚ್‌ಗೂ ಬರುತ್ತೆ, ಅದಕ್ಕೆ ಲಸಿಕೆ ಇದೆ. ನನಗೆ ನಿಜವಾಗಿ ಭಯ ಹಕ್ಕಿಜ್ವರದ್ದು. 2011ರಲ್ಲಿ ಔಟ್ಸ್‌ಹಾರ್ನ್ ಕಡೆ ಹಕ್ಕಿಜ್ವರ ಕಂಡ ಮೇಲೆ ಸಾವಿರಗಟ್ಟಲೆ ಹಕ್ಕಿ ಕೊಂದರು, ಯುರೋಪಿಗೆ ಹೋಗುತ್ತಿದ್ದ ಹಸಿ ಮಾಂಸ ವರ್ಷಗಟ್ಟಲೆ ನಿಂತುಹೋಯ್ತು. ರೋಗ ಬರದವನ ಮಾಲೂ ಬಾಗಿಲಲ್ಲೇ ಉಳೀತು. ಕೆನಡಾದಲ್ಲಿ ಒಬ್ಬ ಸಾಕಣೆದಾರರ ಹಿಂಡಿಗೆ 2024ರ ಡಿಸೆಂಬರ್‌ನಲ್ಲಿ ಹಕ್ಕಿಜ್ವರ ಪತ್ತೆ ಆಯ್ತು. ಬದುಕಿ ಉಳಿದ ಹಕ್ಕಿಗಳು ಚೆನ್ನಾಗಿವೆ ಅಂತ ಅವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2025ರ ನವೆಂಬರ್‌ನಲ್ಲಿ ಅರ್ಜಿ ಬಿದ್ದುಹೋಯ್ತು, 300ಕ್ಕೂ ಹೆಚ್ಚು ಹಕ್ಕಿಗಳನ್ನ ಕೊಂದರು. ಗಟ್ಟಿ ಹಕ್ಕಿ ಅನ್ನೋದು ಅಲ್ಲಿ ನಡೀಲಿಲ್ಲ.

ನಮ್ಮಲ್ಲೂ ಹಾಗೇ. 2012ರಲ್ಲಿ ಹೆಸರಘಟ್ಟದ ಕೋಳಿ ಕೇಂದ್ರದಲ್ಲಿ ಟರ್ಕಿಗಳಿಗೆ ಹಕ್ಕಿಜ್ವರ ಬಂದಾಗ ಅಲ್ಲಿದ್ದ ಬೇರೆ ಹಕ್ಕಿಗಳನ್ನೂ ಉಳಿಸಲಿಲ್ಲ. ಕಳೆದ ವರ್ಷದ, ಅಂದರೆ 2025ರ, ಚಿಕ್ಕಬಳ್ಳಾಪುರದ ಸುದ್ದಿ ಎಲ್ಲರಿಗೂ ನೆನಪಿದೆ. ನಿಯಮ ಸುತ್ತ ಒಂದು ಕಿಲೋಮೀಟರ್‌ವರೆಗೆ ಹೋಗುತ್ತೆ. ನಿಮ್ಮ ಆಸ್ಟ್ರಿಚ್‌ಗೆ ಬಂದರೆ ಪಕ್ಕದ ಹಿತ್ತಲಿನ ನಾಟಿಕೋಳಿಗೂ, ನಾಟಿಕೋಳಿಗೆ ಬಂದರೆ ನಿಮ್ಮ ಲಕ್ಷದ ಹಕ್ಕಿಗೂ ಕುತ್ತು. ಕೆರೆ ಪಕ್ಕದ ಜಮೀನು, ಬಾತುಕೋಳಿ, ಕೊಕ್ಕರೆ ಇಳಿಯೋ ಕಡೆ ತೆರೆದ ನೀರಿನ ತೊಟ್ಟಿ, ಇವೆಲ್ಲ ಅಪಾಯವೇ. ಆಸ್ಟ್ರಿಚ್‌ನ ಕೋಳಿ ಥರ ಶೆಡ್ಡಲ್ಲಿ ಮುಚ್ಚಿ ಸಾಕೋಕೂ ಆಗಲ್ಲ, ಅದಕ್ಕೆ ಓಡೋಕೆ ಬಯಲು ಬೇಕು.

ಹಾಗಾಗಿ ನನ್ನ ಅಭಿಪ್ರಾಯ, ನಮ್ಮ ಕಡೆ ಈಗ ಇದಕ್ಕೆ ದುಡ್ಡು ಹಾಕೋದು ಬೇಡ. ಹಾಕಲೇಬೇಕು ಅಂತಿದ್ದರೆ ಮುಂಗಡ ಕೊಡೋ ಮೊದಲು ಮಾರುವವರಿಗೆ ಎರಡು ಪ್ರಶ್ನೆ ಕೇಳಿ. ಕಳೆದ ಸಲ ಎಷ್ಟು ಮರಿ ಒಡೆದವು, ಅದರಲ್ಲಿ ಮೂರು ತಿಂಗಳಿಗೆ ಎಷ್ಟು ಉಳಿದವು? ಹಿಕ್ಕೆ ಪರೀಕ್ಷೆಯ ಚೀಟಿ ಎಲ್ಲಿ? ಉತ್ತರ ಸಿಕ್ಕವರು ಕಾಮೆಂಟಲ್ಲಿ ಹಾಕಿ, ಚೀಟಿಯ ಫೋಟೋ ಸಮೇತ.